ನೂಲು ಹರಿದ ಬೆಳಗು

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ನನ್ನ ನೆನಪು ಅಷ್ಟೇನೂ ನಂಬಿಕಸ್ಥ ಸಾಕ್ಷಿಯಲ್ಲ. ಇವತ್ತು ಹೊಸ ಕೈಮಗ್ಗದ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ಅದರ ಹಿಂದೆಯೇ ತಿರುಪ್ಪೂರು ಕಡೆಯ ನಮ್ಮ ನೇಕಾರರ ಬೀದಿ, ಬೆಳಗಿನ ಹೊತ್ತು ಅಲ್ಲಿ ಉದ್ದಕ್ಕೆ ಎಳೆದು ಕಟ್ಟುತ್ತಿದ್ದ ಮಗ್ಗದ ಹಾಸುನೂಲು, ಅದಕ್ಕೆ ಗಂಜಿ ಸವರುತ್ತಿದ್ದ ಅಪ್ಪನ ಅಕ್ಕ ರುಕ್ಕತ್ತೆ.

ಆಗ ನಾನು ಕೊಯಮತ್ತೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಬಿಟ್ಟುಬಿಡುವುದೆಂದು ತೀರ್ಮಾನಿಸಿ ಊರಿಗೆ ಬಂದಿದ್ದೆ ಎಂದರೆ ಹೆಚ್ಚು ಸರಿ. ಸೂರ್ಯನ ಮೈಗಿಂತ ಅದರ ಮೇಲಿನ ವಾತಾವರಣ ನೂರಾರು ಪಟ್ಟು ಬಿಸಿ. ಒಲೆಯಿಂದ ದೂರ ಹೋದಷ್ಟೂ ಸೆಕೆ ಹೆಚ್ಚುವುದುಂಟೆ? ಸೂರ್ಯಕಲೆಗಳಿರುವ ಕಡೆ ಆ ಮೇಲಿನ ಬಿಸಿಯಂತೂ ಇನ್ನೂ ಹೆಚ್ಚು. ಕಾಂತಕ್ಷೇತ್ರ ಕಾರಣ ಎನ್ನುತ್ತಿತ್ತು ಪುಸ್ತಕ. ಸಮೀಕರಣ ಬರೆಯುವಷ್ಟು ಜಾಣತನ ನನಗಿತ್ತು, ಅದು ಏನು ಹೇಳುತ್ತಿದೆಯೆಂದು ತಿಳಿಯದಷ್ಟು ದಡ್ಡತನವೂ.

ಒಂದು ಬೆಳಗ್ಗೆ ಅತ್ತೆ ಹಾಸಿನ ಒಂದು ತುದಿಯ ಕೋಲನ್ನು ನನ್ನ ಕೈಗೆ ಕೊಟ್ಟರು. ನಾನು ಸೂರ್ಯನ ಚಿಂತೆಯಲ್ಲಿ ಒಮ್ಮೆ ಈ ಕಾಲು ಒಮ್ಮೆ ಆ ಕಾಲು ಊರುತ್ತ, ಕೋಲನ್ನು ಹೊರಳಿಸುತ್ತ ನಿಂತೆ. ನೂಲುಗಳು ಒಂದಕ್ಕೊಂದು ಹೆಣೆದುಕೊಂಡು ನಡುಬೀದಿಯಲ್ಲಿ ಪಟಪಟನೆ ಹರಿದವು.

"ಏನ್ ಕಣ್ಣು, ಕೋಲ್ ಹಿಡಿ ಅಂದ್ರೆ ಕುಮ್ಮಿ ಕುಣೀತೀಯಾ? ನೀ ಇಲ್ಲಿ ಅಲ್ಲಾಡಿದ್ರೆ ನೂಲು ಅಲ್ಲಿ ಹರಿಯತ್ತೆ."

ನಮ್ಮ ಕಡೆ ಮುದ್ದಿನಿಂದ ಕರೆಯುವುದೇ ಕಣ್ಣು ಎಂದು; ಕುಮ್ಮಿ ಎಂದರೆ ಚಪ್ಪಾಳೆ ತಟ್ಟುತ್ತ ಸುತ್ತುವ ಕುಣಿತ. ಅತ್ತೆ ಹರಿದ ಎಳೆಗಳನ್ನು ಬೆರಳಲ್ಲಿ ಹೊಸೆದು ಜೋಡಿಸುತ್ತ ಹೋದರು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಸೂರ್ಯನ ಕಾಂತರೇಖೆಗಳ ಬುಡವೂ ಕುದಿಯುವ ಮೈಯಲ್ಲಿ ನೆಟ್ಟಿರುತ್ತದೆ. ಬುಡ ಅಲೆದಾಡಿದಂತೆ ಮೇಲೆ ರೇಖೆಗಳು ಹೆಣೆದುಕೊಳ್ಳುತ್ತವೆ. ಬಿಗಿ ತಾಳದೆ ಕಡಿದು ಹೊಸದಾಗಿ ಕೂಡಿಕೊಳ್ಳುತ್ತವೆ. ಕೂಡಿಟ್ಟ ಶಕ್ತಿ ಅಲ್ಲೇ ಬಿಸಿಯಾಗುತ್ತದೆ. ಈ ಬಿಸಿಯಲ್ಲಿ ಕಾಂತಕ್ಷೇತ್ರದ ಅಲೆಗಳ ಪಾಲೂ ಇದೆ ಎನ್ನುವವರಿದ್ದಾರೆ, ವಾದ ಮುಗಿದಿಲ್ಲ. ನನಗೆ ಅಷ್ಟು ಸಾಕಾಯಿತು. ಅಂದು ಸಂಜೆಯೇ ಕೊಯಮತ್ತೂರಿನ ಬಸ್ಸು ಹತ್ತಿದೆ. ಈಗ ಅದನ್ನೇ ಪಾಠ ಮಾಡಿ ಉಣ್ಣುತ್ತಿದ್ದೇನೆ.

ನನ್ನ ಪ್ರಬಂಧದಲ್ಲಿ ಗುರುಗಳಿಗೆ, ಗ್ರಂಥಾಲಯಕ್ಕೆ, ಟೈಪು ಮಾಡಿದವರಿಗೂ ಕೃತಜ್ಞತೆ ಇದೆ; ಅತ್ತೆಗಿಲ್ಲ. ಈಗ ಮಕ್ಕಳಿಗಾಗಿ ಸೂರ್ಯನ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದಿದ್ದೇನೆ. ಮೊದಲ ಪುಟದಲ್ಲಿ ಅತ್ತೆಯ ಹೆಸರು, ಕೆಳಗೆ ನೂಲು ಹರಿಯುವ ಆ ಮಾತು. ಅಚ್ಚಿಗೆ ಹೋಗುವ ಮುನ್ನ ಭಯ ಶುರುವಾಗಿದೆ. ಎಷ್ಟೋ ವರ್ಷ ತರಗತಿಯಲ್ಲಿ ಹೇಳಿ ಹೇಳಿ ನಾನೇ ಅದನ್ನು ಅವರ ಬಾಯಿಗೆ ಇಟ್ಟಿದ್ದರೆ? ಹಾಗಿದ್ದರೆ ನಾನು ವಂದಿಸುತ್ತಿರುವುದು ನನಗೇ.

ಮಧ್ಯಾಹ್ನ ಫೋನ್ ಮಾಡಿದೆ. ಮೊದಲು ಊಟವಾಯಿತೇ ಎಂದು ವಿಚಾರಿಸಿಕೊಂಡರು. ಆಮೇಲೆ ನಾನು ಕೇಳಿದ್ದಕ್ಕೆ, ಯೋಚನೆ ಮಾಡಿ ಹೇಳ್ತೀನಿ ಇರು ಎಂದು ಫೋನ್ ಇಟ್ಟವರು ಇನ್ನೂ ಮಾಡಿಲ್ಲ. ಕೇಳಿದ್ದು ಇಷ್ಟೇ: "ಅತ್ತೆ, ಆ ಮಾತು ಅವತ್ತು ನೀವು ಹೇಳಿದ್ದಾ, ಇಲ್ಲ ನಾನೇ ಕಟ್ಟಿಕೊಂಡಿದ್ದಾ?"