ಚಾಮರಾಜಪೇಟೆಯ ಗಡ್ಡದ ರಾಣಿ

ಬೆಳಗಿನ ಹೊತ್ತು ಗಾಂಧಿ ಬಜಾರಿನಲ್ಲಿ ಪೋಸ್ಟರ್ ಹಚ್ಚುವವರ ಬಕೆಟ್ಟಿನಿಂದ ಬೇಯಿಸಿದ ಮೈದಾ ಅಂಟಿನ ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಿದ್ದರೆ ನನ್ನ ಗೆಳೆಯರಿಗೆ ಸಿನಿಮಾ ನೆನಪಾಗುತ್ತದೆ. ನನಗೆ ನೆನಪಾಗುವುದು ಈಜಿಪ್ಟ್. ನಗಬೇಡಿ. ನಾನು ಈಜಿಪ್ಟನ್ನು ನೋಡಿದ್ದು ಚಾಮರಾಜಪೇಟೆಯ ನಮ್ಮ ಹಳೇ ಮನೆಯ ನಡುಮನೆಯಲ್ಲಿ, ನವರಾತ್ರಿ ಗೊಂಬೆಗಳ ಮೆಟ್ಟಿಲ ಕೆಳಗೆ. ಹಳೇ ಪೇಪರಿಗೆ ಅಂಟು ಬಳಿದು ಬೆಟ್ಟ ಕಟ್ಟುತ್ತಿದ್ದವಳು ನನ್ನ ಸೋದರತ್ತೆ ಸುಶೀಲ. ಮರಳು ಹೊತ್ತವನು, ಅರ್ಧ ದಾರಿಯಲ್ಲೇ ಚೆಲ್ಲಿದವನು ನಾನು.

ಮೆಟ್ಟಿಲುಗಳೆಲ್ಲ ಅಜ್ಜಿಯ ರಾಜ್ಯ. ತುತ್ತತುದಿಯಲ್ಲಿ ಅವಳ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ. ನಮ್ಮಲ್ಲಿ ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಅಂಥದೊಂದು ಜೋಡಿ ಕೊಡುತ್ತಾರೆ. ಪ್ರತಿ ನವರಾತ್ರಿಯಲ್ಲೂ ಮೊದಲು ಕೂರುವವರು ಅವರೇ. ಅತ್ತೆಗೂ ಒಂದು ಜೋಡಿ ಬಂದಿತ್ತು. ಮದುವೆಯಾದ ಸ್ವಲ್ಪ ದಿನಕ್ಕೇ ಮಾವ ತೀರಿಕೊಂಡರು, ಅತ್ತೆ ನಮ್ಮ ಮನೆಗೆ ವಾಪಸ್ಸು ಬಂದಳು, ಆ ಜೋಡಿ ಟ್ರಂಕಿನ ತಳ ಸೇರಿತು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದವಳು ಅವಳು. ಅವಳ ಚಪ್ಪಲಿ ಸದ್ದಿಗೇ ಕ್ಲಾಸು ಗಪ್‌ಚಿಪ್ಪಾಗುತ್ತಿತ್ತಂತೆ. ಅಂಥವಳು ಹಬ್ಬದ ಸಂಜೆ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದಾಗ ಅಡುಗೆಮನೆಯಲ್ಲಿ ಉಸ್ಲಿ ಕಲಸುತ್ತ ಇದ್ದುಬಿಡುತ್ತಿದ್ದಳು. ಒಳಗಿರು ಎಂದು ಯಾರೂ ಅಂದಿರಲಿಲ್ಲ. ಹೊರಗೆ ಬಾ ಎಂದೂ ಯಾರೂ ಅಂದಿರಲಿಲ್ಲ. ಮೆಟ್ಟಿಲ ಕೆಳಗಿನ ನೆಲ ಮಾತ್ರ, ಪಾರ್ಕು, ಝೂ ಮಾಡಿಕೊಳ್ಳಿ ಎಂದು ಅವಳಿಗೂ ನನಗೂ ಬಿಟ್ಟಿದ್ದರು.

ಆ ವರ್ಷ ಅತ್ತೆ ಅಲ್ಲಿ ಈಜಿಪ್ಟನ್ನೇ ಇಳಿಸಿದಳು. ಬೆಳ್ಳಿ ಕಾಗದದ ನೈಲ್ ನದಿ, ಮರಳು ಮೆತ್ತಿದ ಪಿರಮಿಡ್ಡುಗಳು, ಅವುಗಳ ಆಚೆ ಬಂಡೆ ಕೊರೆದ ಸಮಾಧಿ. ಮೆಟ್ಟಿಲ ಮೇಲಿನ ಶೆಟ್ಟರ ಗೊಂಬೆಯ ಪುಟ್ಟ ಅಂಗಡಿಯಿಂದ ಎರವಲು ತಂದ ತಕ್ಕಡಿಯಲ್ಲಿ ಸತ್ತವನ ಹೃದಯ ಒಂದು ಕಡೆ, ಪಾರಿವಾಳದ ಗರಿ ಇನ್ನೊಂದು ಕಡೆ. ಹೃದಯ ಗರಿಗಿಂತ ಭಾರವಾದರೆ ಮೊಸಳೆ ಮುಖದ ಪ್ರಾಣಿ ನುಂಗಿಬಿಡುತ್ತದೆ ಎಂದು ಆ ಜನ ನಂಬಿದ್ದರು. ವಿವರಣೆ ನನ್ನದು. ಮೆಜೆಸ್ಟಿಕ್ಕಿನ ಕಂಡಕ್ಟರ್ ದನಿಯಲ್ಲಿ "ನೈಲ್, ಪಿರಮಿಡ್, ಪರಲೋಕ! ಪುಣ್ಯ ಚಿಲ್ಲರೆ ಇಟ್ಕೊಳ್ಳಿ ಸ್ವಾಮಿ!" ಎಂದು ಕೂಗಿದರೆ ಬೀದಿಯ ಮಕ್ಕಳೆಲ್ಲ ಹಾಜರು. ತೂಗುವ ದೇವರಿಗೆ ಅಜ್ಜಿಯ ದನಿ ಕೊಟ್ಟಿದ್ದೆ, ನಮ್ಮ ಮನೆಯಲ್ಲಿ ಎಲ್ಲರ ಪಾಪ ತೂಗುತ್ತಿದ್ದವಳು ಅವಳೇ: "ಇದೇನೋ ಇಷ್ಟು ಭಾರ? ಸಕ್ಕರೆ ಡಬ್ಬಿಗೆ ಕೈ ಹಾಕಿದ್ಯಾ?" ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅದಕ್ಕಿಂತ ಹೆಚ್ಚು ನಗುತ್ತಿದ್ದದ್ದು ಸಮಾಧಿಯ ಬಾಗಿಲಲ್ಲಿ ನಿಂತಿದ್ದ ಗೊಂಬೆಯನ್ನು ನೋಡಿ. ಸೀರೆಯ ಮೇಲೆ ಚಿನ್ನದ ಕಾಗದ ಸುತ್ತಿಕೊಂಡು, ಕಪ್ಪು ಉಲ್ಲನ್ನಿನ ಗಡ್ಡ ಬಿಟ್ಟಿದ್ದ ರಾಣಿ. ಸಮಾಧಿಯ ಒಳಗೆ ಪಂಚೆಯ ಪಟ್ಟಿಗಳನ್ನು ಮೈತುಂಬ ಸುತ್ತಿದ್ದ ಒಬ್ಬ ರಾಜ ಮಲಗಿದ್ದ.

ಒಂದು ಸಂಜೆ ಆರತಿ ಮುಗಿದು ಹೆಂಗಸರೆಲ್ಲ ಕೂತಿದ್ದಾಗ ಅಜ್ಜಿ ಬಗ್ಗಿ ನೋಡಿದಳು.

"ಹಬ್ಬದ ಮನೇಲಿ ಹೆಣ ಮಲಗ್ಸಿದೀಯಲ್ಲೇ ಸುಶೀ?"

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದಳು. "ಅವ್ರ ಪ್ರಕಾರ ಅದು ಹೆಣ ಅಲ್ಲಮ್ಮ. ಬೇರೆ ಲೋಕಕ್ಕೆ ಹೊರಟಿರೋ ರಾಜ. ಅಲ್ಲೂ ಊಟ, ಬಟ್ಟೆ, ಮನೆ ಎಲ್ಲಾ ಇರತ್ತೆ ಅಂತ ನಂಬಿದ್ರು."

"ಈ ಗಡ್ಡದಮ್ಮ ಯಾರು?"

"ಅವನ ಹೆಂಡ್ತಿ, ಹತ್‌ಶೆಪ್ಸುತ್. ಗಂಡ ಹೋದಾಗ ಮಲಮಗ ಇನ್ನೂ ಮಗು. ಇವಳೇ ಪಟ್ಟಕ್ಕೆ ಕೂತ್ಲು. ಅಲ್ಲಿ ಗಡ್ಡ ಅಂದ್ರೆ ಕಿರೀಟ ಇದ್ದಂಗೆ, ಕಟ್ಕೊಂಡ್ಲು. ದೇವಸ್ಥಾನ ಕಟ್ಟಿಸಿದ್ಲು, ಹಡಗು ಕಳಿಸಿ ಧೂಪದ ಗಿಡ ತರಿಸಿದ್ಲು. ಅವಳು ಸತ್ತ ಮೇಲೆ ಗೋಡೆ ಮೇಲಿದ್ದ ಅವಳ ಹೆಸರನ್ನ ಉಳಿ ಹಿಡಿದು ಕೆರೆಸಿದ್ರು. ಆದ್ರೂ ಉಳಿದ್ಲು."

"ಗಂಡ ಹೋದ್ಮೇಲೆ ಪಟ್ಟಾನಾ? ಶಿವ ಶಿವಾ!" ಎಂದರು ಎದುರುಮನೆ ಪಂಕಜಮ್ಮ.

ಅಜ್ಜಿ ರಾಣಿಯನ್ನು ಎತ್ತಿಕೊಂಡು ಚಿನ್ನದ ಕಾಗದ ಸರಿಸಿದಳು. ಕೆಳಗೆ ಕೆಂಪು ಸೀರೆ, ಹಸಿರು ಅಂಚು. "ಇದು ನಿನ್ ಮದುವೇಲಿ ನಾನು ಕೊಟ್ಟಿದ್ದು" ಎಂದಳು. ಹಾಗಾದರೆ ಪಂಚೆ ಸುತ್ತಿಕೊಂಡು ಒಳಗೆ ಮಲಗಿದ್ದವನು ಅದೇ ಜೋಡಿಯ ರಾಜ ಎಂದು ನನ್ನ ಮಂಗನ ಬುದ್ಧಿಗೂ ಹೊಳೆಯಿತು. ಅಜ್ಜಿ ಗೊಂಬೆಯನ್ನು ಬಿಸಾಡುತ್ತಾಳೆ, ಇನ್ನು ಅತ್ತೆಗೆ ಆ ನೆಲವೂ ಇಲ್ಲ ಎಂದುಕೊಂಡೆ.

ಅಜ್ಜಿ ಸೆರಗಿನಿಂದ ಗೊಂಬೆಯ ಮರಳು ಒರೆಸಿದಳು. ಮಂಡಿ ನೋವಿನವಳು, ಯಾರ ಕೈಯನ್ನೂ ಹಿಡಿಯದೆ ಸ್ಟೂಲು ಹತ್ತಿದಳು. ಹತ್ತಿ, ತುತ್ತತುದಿಯಲ್ಲಿ ತನ್ನ ರಾಜ ರಾಣಿಯನ್ನು ಒಂದಿಷ್ಟು ಪಕ್ಕಕ್ಕೆ ತಳ್ಳಿ ಗಡ್ಡದ ರಾಣಿಯನ್ನು ಕೂರಿಸಿದಳು.

"ಪಟ್ಟಕ್ಕೆ ಕೂತೋಳನ್ನ ನೆಲದ ಮೇಲೆ ನಿಲ್ಲಿಸ್ತಾರೇನೇ? ಇಷ್ಟು ಓದಿದೀಯ, ಅಷ್ಟೂ ಗೊತ್ತಾಗಲ್ವಾ?" ಎಂದು ಗದರಿ, ಪಂಕಜಮ್ಮನ ಕಡೆ ತಿರುಗಿದಳು. "ನೀವು ಕೂತ್ಕೊಳ್ರೀ. ಕಥೆ ನನ್ನ ಮಗಳು ಹೇಳ್ತಾಳೆ. ಈ ಕೋತಿ ಬಾಯಿ ಮುಚ್ಕೊಂಡಿರ್ಲಿ."

ಅತ್ತೆ ಕೈ ತೊಳೆದುಕೊಂಡು ಬಂದು ನಡುಮನೆಯ ಚಾಪೆಯ ಮಧ್ಯೆ ಕೂತಳು. ನನ್ನ ಕೆಲಸ ಹೋಯಿತು, ಆದರೆ ಅವಳು ಹೇಳಿದ ಹಾಗೆ ನನಗೆ ಏಳು ಜನ್ಮಕ್ಕೂ ಹೇಳಲು ಬರುತ್ತಿರಲಿಲ್ಲ. ಪಂಕಜಮ್ಮನವರ ಕೈಯಲ್ಲಿದ್ದ ಉಸ್ಲಿ ಬಾಯಿ ಮುಟ್ಟುವುದನ್ನೇ ಮರೆಯಿತು. ಅಲ್ಲಿಂದ ಮುಂದೆ ಯಾವ ನವರಾತ್ರಿಯಲ್ಲೂ ಅತ್ತೆ ಒಳಗೆ ಉಳಿಯಲಿಲ್ಲ. ಉಸ್ಲಿ ನನ್ನ ಅಮ್ಮನ ಪಾಲಿಗೆ ಬಂತು, ಉಪ್ಪು ಯಾವಾಗಲೂ ಜಾಸ್ತಿ. ಎಲ್ಲದರಲ್ಲೂ ತಪ್ಪು ಹುಡುಕುವ ಅಜ್ಜಿ ಅದನ್ನು ತುಟಿಪಿಟಕ್ಕೆನ್ನದೆ ತಿಂದಳು.

ಅಜ್ಜಿ ಹೋದಳು, ಅತ್ತೆಯೂ ಹೋದಳು. ಮನೆಯಿದ್ದ ಜಾಗದಲ್ಲಿ ಈಗ ಲಿಫ್ಟಿರುವ ಕಟ್ಟಡ. ನಡುಮನೆ ಇದ್ದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಆದರೂ ನಾನು ಆ ಬೀದಿಯಲ್ಲಿ ಹಾದರೆ ಹಳಬರು ಕರೆದು ನಿಲ್ಲಿಸಿಕೊಂಡು ಅತ್ತೆಯ ಮಾತು ತೆಗೆಯುತ್ತಾರೆ. "ಪಾಪ, ಸುಶೀಲ" ಎಂದು ಒಬ್ಬರೂ ಅನ್ನುವುದಿಲ್ಲ. "ಏನ್ ಕಥೆ ಹೇಳೋರಪ್ಪಾ ನಿಮ್ಮತ್ತೆ!" ಎನ್ನುತ್ತಾರೆ.