ಆಮ್ರಪಾಲಿಯ ಕೆಸರು

ಆಮ್ರಪಾಲಿ ಹೆಸರು ನಾ ಮೊದಲ ಸಲ ಕೇಳಿದ್ದು ವಿಜಾಪುರದಿಂದ ಟಿಕೋಟಾಕ್ಕ ಬರೋ ಬಸ್ಸಿನ್ಯಾಗ. ನಮ್ಮ ಹಿಂದಿನ ಓಣಿ ಮಾಳವ್ವ ಬಾಜೂಕ ಕುಂತು, "ಮಗಳು ಆಮ್ರಪಾಲಿಗೆ ನೌಕರಿ ಸಿಕ್ಕೈತ್ರಿ, ಗುಜರಾತದ ಎಣ್ಣಿ ಬಾವ್ಯಾಗ. ಕೆಸರು ನೋಡಿಕೊಳ್ಳೋ ಕೆಲಸಂತ" ಅಂದಳು.

ನನ್ನ ಜೋಡಿ ನಾದಿನಿ ಲಕ್ಕವ್ವ ಇದ್ದಳು. ಸುಮ್ಮನ ಇರೋ ಜೀವ ಅಲ್ಲ ಅದು. "ಇಷ್ಟು ಓದಿ ಕೆಸರ? ನಮ್ಮ ಬಬಲೇಶ್ವರದಾಗ ಎಮ್ಮಿ ಪುಕ್ಕಟ ನೋಡಿಕೊಳ್ತಾವ" ಅಂದಳು. ಎಲ್ಲಾರಕಿಂತ ಜಾಸ್ತಿ ನಕ್ಕಾಕಿ ಮಾಳವ್ವನ.

ಮುಂದ ಆ ಹುಡುಗಿ ರಜಾದ ಮ್ಯಾಲೆ ಊರಿಗೆ ಬಂದಾಗ ಎರಡು ಗಾಜಿನ ಬರಣಿ ಅವಚಿಕೊಂಡು ನಮ್ಮ ಮನಿಗೆ ಬಂದಳು. ಎತ್ತರದ ಹುಡುಗಿ, ಮಾತಿಗಿಂತ ಮೊದಲ ನಗು.

"ಆಯಿ, ನಮ್ಮ ಮನ್ಯಾಗ ಅಣ್ಣನ ಮಕ್ಕಳು ಕೈ ಹಾಕ್ತಾವ್ರಿ. ನಿಮ್ಮ ಪಡಸಾಲ್ಯಾಗ ಇಡ್ಲೇನ್ರಿ?"

ಬರಣ್ಯಾಗ ನೀರು, ನೀರಿನ್ಯಾಗ ಕರೀ ಕಲ್ಲಿನ ಚೂರು. ಏನಬೇ ಇದು ಅಂದೆ.

"ಬಾವಿ ಕೊರೆಯೋವಾಗ ಒಳಗ ನೀರಾಗ ಕಲಸಿದ ಕೆಸರು ಬಿಡ್ತೀವ್ರಿ. ನಡುವ ಈ ಶೇಲ್ ಅನ್ನೋ ಜೇಡಿಗಲ್ಲು ಸಿಗತೈತಿ. ಬರೇ ನೀರು ಕುಡೀತಂದ್ರ ನಮ್ಮ ಎರಿ ಮಣ್ಣಿನಂಗ ಉಬ್ಬಿ, ಬಾವಿ ಗೋಡಿ ಕುಸೀತೈತ್ರಿ. ಹೊಲಕ್ಕ ಪೊಟ್ಯಾಶ್ ಹಾಕ್ತೀರಲ್ಲ, ಆ ಉಪ್ಪು ಕೂಡಿಸಿದ್ರ ಗಟ್ಟಿ ನಿಂದರತೈತಿ. ಈ ಬರಣಿ ನೀರಿಗೂ ಅದನ್ನೇ ಹಾಕೀನ್ರಿ."

ಆದ್ರ ಆಕೀ ಬಾವಿ ನಿಂತಿರಲಿಲ್ಲ. ಒಂದು ಬಾವಿ ಕುಸದು ಕೊರೆಯೋ ಕೊಳವಿ ಒಳಗ ಸಿಕ್ಕೊಂಡಿತ್ತಂತ. ಎರಡನೇದೂ ಬಿತ್ತಂದ್ರ ನೀರಿನ ಕೆಸರು ಬಂದ್, ಎಣ್ಣಿ ಕೆಸರು ತರಸ್ತೀನಿ, ಅದನ್ನ ನೋಡಾಕ ಬ್ಯಾರೇ ಮಂದಿ ಬರ್ತಾರ ಅಂತ ಸಾಹೇಬ ಅಂದಿದ್ದನಂತ. "ನಾ ಇದ್ದಾಗ ಚೊಲೋ ಇರ್ತೈತ್ರಿ. ರಜಾಕ್ಕ ಬಂದ್ನೆಂದ್ರ ಗೋಡಿ ಉದರಾಕ ಹತ್ತತೈತಿ" ಅಂದಳು. ನಗು ಇರಲಿಲ್ಲ.

ಬರಣ್ಯಾಗಿನ ಕಲ್ಲು ಮಾತ್ರ ದಿನಾ ಹಂಗ ಇದ್ದವು.

ನಮ್ಮ ಯಜಮಾನ್ರು ಹೋದ ಮ್ಯಾಲೆ ಲಕ್ಕವ್ವ ಆಗಾಗ ಬಬಲೇಶ್ವರದಿಂದ ಬಂದು ನನ್ನ ಮನಿ ತನ್ನ ಕೈಯಾಗ ತಗೋತಾಳ. ತಂಗಳ ನೀರು ಕಂಡ್ರ ಆಕಿಗೆ ಆಗೂದಿಲ್ಲ. ಮುಂಜಾನೆ ಎದ್ದ ಕೂಡಲೇ ಕೊಡ, ತಂಬಗಿ ಎಲ್ಲಾ ಚೆಲ್ಲಿ ಹೊಸ ನೀರು ತುಂಬಬೇಕು. ಅವತ್ತ ಒಂದು ಬರಣಿ ನೀರೂ ಚೆಲ್ಲಿ ತುಂಬಿದಳು. ನಾವು ಚಾ ಕುಡದು ಏಳೋದ್ರಾಗ ಕಲ್ಲು ರಾಡಿ ಆಗಿತ್ತು.

ಆಮ್ರಪಾಲಿ ಬಂದು ನೋಡಿದಳು. ಲಕ್ಕವ್ವನೇ ಮೊದಲ ಜೋರು ಮಾಡಿದಳು: "ಕಲ್ಲು ಅಂದಿದ್ದಿ, ಇದು ಹಿಟ್ಟಿನ ಉಂಡಿ ಐತಲ್ಲಬೇ."

"ಲಕ್ಕವ್ವಾಯಿ, ಏನು ಹಾಕಿದ್ರಿ?"

"ನಳದ ನೀರು. ಮತ್ತೇನು ಹಾಲು ಹಾಕಲೇನು?"

ಹುಡುಗಿ ರಾಡಿ ಬರಣಿ ಎತ್ತಿ ಗಟ್ಟಿ ಕಲ್ಲಿದ್ದ ಬರಣಿ ಬಾಜೂಕ ಇಟ್ಟು ನೋಡಿದಳು. ಆಮ್ಯಾಲೆ ಫೋನು ಹಚ್ಚಿದಳು, ನಮಗೂ ಕೇಳೋಹಂಗ. ಆಕೀ ರಜಾದಾಗ ಕೆಲಸ ನೋಡಾಂವ ನಮ್ಮ ತೊರವಿ ಊರಿನ ಅಶ್ಫಾಕ.

"ಅಶ್ಫಾಕ, ಟಾಕ್ಯಾಗ ಕೆಸರು ಕಮ್ಮಿ ಬಿದ್ರ ಏನು ಹಾಕ್ತಿ?"

"ಟ್ಯಾಂಕರ್ ನೀರು."

"ಉಪ್ಪು ಕೂಡಿಸಿ?"

"ನೀ ಮೊದಲ ಹಾಕಿ ಹೋಗೀಯಲ್ಲ."

ಆಮ್ರಪಾಲಿ ಲಕ್ಕವ್ವನ ಎರಡೂ ಕೈ ಹಿಡದು ನಕ್ಕಳು. ರಜಾ ಅರ್ಧಕ್ಕ ಬಿಟ್ಟು ಸಂಜೀ ಬಸ್ಸಿಗೇ ಹೊಂಟಳು.

ಮುಂದ ಒಂದು ದಿನ ಅಲ್ಲಿಂದ ಫೋನು ಬಂತು. "ಆಯಿ, ಈಗ ಉಪ್ಪು ಬೆರೆಸಿದ ನೀರೇ ಹಾಕಾಕತ್ತೀವ್ರಿ. ಬಾವಿ ನಿಂತೈತಿ. ಆದ್ರ ಶೇಲ್ ಪೂರಾ ದಾಟಿಲ್ಲ, ನಾಳಿಂದ ನನಗ ರಜಾ, ಮತ್ತ ಅಶ್ಫಾಕನ ಪಾಳಿ. ನಾ ಹೇಳಿದ್ರ ನಗತಾನ. ಲಕ್ಕವ್ವಾಯಿ ನೀರು ಬದಲು ಮಾಡಿದ್ದು, ಕಲ್ಲಿಗೆ ಆದದ್ದು, ಎಲ್ಲಾ ನೀವ ಇವಗ ಹೇಳ್ರಿ" ಅಂದು ಫೋನು ಅವನ ಕೈಗೆ ಕೊಟ್ಟಳು.