ಗೊತ್ತಿಲ್ಲ ಅಂದೆ

ಪಾಂಡವಪುರ ದಾಟಿದ ಮೇಲೆ ಒಂದು ಆಲೆಮನೆಯ ಎದುರು, ಲಕ್ಷ್ಮಕ್ಕನ ಅಂಗಡಿಯಲ್ಲಿ ಟೀ ಕುಡಿಯುತ್ತ ಬಸ್ಸಿಗೆ ಕಾಯುತ್ತಿದ್ದೆ. ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ರಫೀಕುಲ್ ಪಕ್ಕದಲ್ಲಿ ಕೂತಿದ್ದ. ಪಶ್ಚಿಮ ಬಂಗಾಳದ ಮುರ್ಷಿದಾಬಾದಿನವನು. ಕೋಲ್ಕತ್ತದಲ್ಲಿ ನೌಕರಿ ಮಾಡಿದ್ದರಿಂದ ನನಗೆ ಬಂಗಾಳಿ ಬರುತ್ತದೆಂದು ತಿಳಿದದ್ದೇ, ಎಷ್ಟೋ ದಿನದ ಮಾತನ್ನೆಲ್ಲ ಒಮ್ಮೆಲೇ ಆಡತೊಡಗಿದ.

ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಗಡಿ ದಾಟಿ ನುಸುಳಿ ಬಂದವರ ತಪಾಸಣೆಯಂತೆ. ರಫೀಕುಲ್ ಆಧಾರ್ ಕಾರ್ಡು ತೋರಿಸಿದ. ಪೇದೆ ಅದನ್ನು ನೋಡದೆಯೇ ಎಸೆದು, "ಬಾಂಗ್ಲಾದವನೇನ್ಲಾ?" ಎಂದು ಲಾಠಿಯಿಂದ ಮೊಣಕಾಲಿಗೆ ಬಾರಿಸಿದ.

"ದಾದಾ, ನೀವಾದರೂ ಹೇಳಿ" ಎಂದು ರಫೀಕುಲ್ ಬಂಗಾಳಿಯಲ್ಲೇ ನನ್ನನ್ನು ಕೂಗಿದ.

ಪೇದೆ ನನ್ನತ್ತ ತಿರುಗಿದ. "ಇವ್ನು ಗೊತ್ತೇನ್ರೀ ನಿಮ್ಗೆ?"

"ಗೊತ್ತಿಲ್ಲ ಸಾರ್. ಟೀಗೆ ನಿಂತಿದ್ದೆ" ಅಂದೆ.

ರಫೀಕುಲ್‌ನ ಕೊರಳಪಟ್ಟಿ ಹಿಡಿದು ಜೀಪಿಗೆ ತಳ್ಳುವಾಗ ಲಕ್ಷ್ಮಕ್ಕ ಸೌಟು ಹಿಡಿದೇ ಓಡಿಬಂದು ಅಡ್ಡ ನಿಂತಳು. "ಆಲೆಮನೆ ನಿಮ್ನ ಕಳ್ಸಿರೋ ಲೀಡ್ರುದೇ ಅಲ್ವಾ? ಬೆಳಿಗ್ಗೆ ಮೈಕಲ್ಲಿ ಒರಗಿನೋರ್ನ ಓಡ್ಸಿ ಅಂತಾನೆ, ಇಲ್ಲಿ ಇವ್ರ ಕೈಲೇ ಬೆಲ್ಲ ಕಾಯಿಸ್ತಾನೆ! ಮೊದ್ಲು ಅವ್ನ ಮನೆಗೋಗಿ ಕೇಳಿ, ಓಗಿ!"

ಕಬ್ಬಿನ ಗಾಡಿಯವರು, ಡೇರಿಗೆ ಹಾಲು ತಂದವರು ಕೂಗುತ್ತ ಜೀಪನ್ನು ಸುತ್ತುವರಿದರು. ಕೊನೆಗೆ ಪೊಲೀಸರು ಅವನನ್ನು ಇಳಿಸಿ ಹೊರಟರು.

ರಫೀಕುಲ್ ಕುಂಟುತ್ತ ಹೋಗಿ ಕಾರ್ಡು ಹುಡುಕಿ ಒರೆಸಿಕೊಂಡ. ಮತ್ತೆ ನನ್ನ ಪಕ್ಕಕ್ಕೇ ಬಂದು ಕೂತ. ಬೈದಿದ್ದರೆ ಚೆನ್ನಾಗಿತ್ತು.

ನಾನು ಹೋಗಬೇಕಿದ್ದದ್ದು ಕೆ.ಆರ್. ಪೇಟೆಗೆ. ನಾಗಮಂಗಲದ ಬಸ್ಸು ಬಂತು. ಹತ್ತಿಬಿಟ್ಟೆ.